ಗಾಯ ಹೊತ್ತು ನಿಂತ ಮರಿ

"ಗುರುತಾಯಿ, ಕೊಂದ ಮರಿ ನಿಂತಿರುವುದು ಹೇಗೆ?"

ಶಿಷ್ಯೆ ಕೇಳಿದಳು. ಅವಳ ಕೈಯಲ್ಲಿ ಕುಂಚ ಇತ್ತು. ಕುಂಚದಲ್ಲಿ ಬಣ್ಣ ಒಣಗಿತ್ತು. ಬಲಿಪೀಠದ ಹಿಂದಿನ ಗೋಡೆಯ ಮೇಲೆ ಅವಳು, ಕೊಂದಂತಿದ್ದರೂ ನಿಂತಿದೆ ಎಂದು ವೇದಗ್ರಂಥ ಹೇಳುವ ದೇವರ ಕುರಿಮರಿಯ ಚಿತ್ರ ಬರೆಯಬೇಕಿತ್ತು. ಈಸ್ಟರ್ ಹತ್ತಿರ ಬಂದಿತ್ತು. ಗೋಡೆ ಖಾಲಿ ಇತ್ತು.

ಬರೆದಿರಲಿಲ್ಲ ಎಂದಲ್ಲ. ಬರೆದು ಅಳಿಸಿದ್ದಳು. ಮೊದಲು ಮಲಗಿದ ಮರಿಯನ್ನು ಬರೆದಳು. ಕಾಲು ಕಟ್ಟಿದ್ದು, ಕಣ್ಣು ಮುಚ್ಚಿದ್ದು. ಪಾದ್ರಿಗಳು ಬಂದು ನೋಡಿದರು. "ಇದು ಸತ್ತೇ ಹೋಗಿದೆಯಲ್ಲಮ್ಮ. ನಾವು ಸತ್ತದ್ದನ್ನು ಆರಾಧಿಸುತ್ತೇವೆಯೇ?" ಎಂದರು. ಅದನ್ನು ಅಳಿಸಿ ನಿಂತ ಮರಿಯನ್ನು ಬರೆದಳು. ಒಂದು ಮುಂಗಾಲು ಎತ್ತಿ ಬಾವುಟ ಹಿಡಿದದ್ದು. "ಇದು ಓಟದಲ್ಲಿ ಗೆದ್ದು ಬಂದ ಹಾಗಿದೆ. ಕೊಂದ ಗುರುತು ಎಲ್ಲಿ?" ಎಂದರು. ಎದೆಯ ಮೇಲೆ ಗಾಯ ಬರೆದಳು. ಪಾದ್ರಿಗಳು ಒಪ್ಪಿದರು. ಅಷ್ಟು ಗಾಯವಾದ ಮರಿ ನಿಲ್ಲುವುದಿಲ್ಲ, ಬೀಳುತ್ತದೆ ಎಂದು ಅವಳಿಗೇ ಅನಿಸಿತು. ಅದನ್ನೂ ಅಳಿಸಿದಳು.

"ಪ್ರತಿ ಭಾನುವಾರ ಬಲಿಪೂಜೆಯಲ್ಲಿ ರೊಟ್ಟಿ ಮುರಿಯುವಾಗ ಅದರ ಹೆಸರು ಹೇಳುತ್ತೇವೆ" ಎಂದಳು ಶಿಷ್ಯೆ. "ಪಾಪ ಹೊರುವ ಮರಿ ಎನ್ನುತ್ತೇವೆ, ಶಾಂತಿ ಕೊಡು ಎಂದು ಬೇಡುತ್ತೇವೆ. ನಾಲಿಗೆಗೆ ರೂಢಿಯಾಗಿದೆ. ಕೈಗೆ ಆಗುತ್ತಿಲ್ಲ. ಒಂದೋ ಅದು ಸತ್ತಿರಬೇಕು, ಇಲ್ಲ ನಿಂತಿರಬೇಕು. ಎರಡೂ ಹೇಗೆ?"

ಗುರುತಾಯಿ ಆ ಮಠದಲ್ಲಿ ಚಿತ್ರ ಕಲಿಸುವ ಸಿಸ್ಟರ್. ತುಂಬ ವಯಸ್ಸಾಗಿತ್ತು. ಮಂಡಿ ಕೈಕೊಟ್ಟ ಮೇಲೆ ಅವರು ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ. ಬಿಷಪ್ ಬಂದರೂ ಕೂತಲ್ಲಿಂದಲೇ ಕೈಮುಗಿಯುತ್ತಿದ್ದರು.

"ಕುಂಚ ತೊಳೆದಿಡು" ಎಂದರು. "ಒಂದು ಕತೆ ಹೇಳುತ್ತೇನೆ."

ಒಬ್ಬ ಹೆಂಗಸು ದಾರಿ ತಪ್ಪಿದ್ದಳು. ಸೊಂಟದ ಮೇಲೆ ಮಗು. ಹೆಗಲ ಚೀಲದಲ್ಲಿ ಒಂದು ಕುರಿಮರಿ. ಎದುರಿಗೆ ಬಯಲು. ಬಯಲಿನಲ್ಲಿ ಕಾಲುದಾರಿಗಳು ಬೇಕಾದಷ್ಟಿದ್ದವು. ಎಲ್ಲವೂ ಕುರಿಗಳು ತುಳಿದು ಮಾಡಿದವು. ಕುರಿಗಳ ದಾರಿ ಊರಿಗೆ ಹೋಗುವುದಿಲ್ಲ, ಹುಲ್ಲಿಗೆ ಹೋಗುತ್ತದೆ. ಬೆಳಗಿನಿಂದ ಅವಳು ಹುಲ್ಲಿನಿಂದ ಹುಲ್ಲಿಗೆ ನಡೆದಿದ್ದಳು.

ಒಂದು ಜಾಲಿ ಮರದ ಕೆಳಗೆ ಒಬ್ಬ ಕುರಿಗಾಹಿ ಕೂತಿದ್ದ. ಸುತ್ತ ಅವನ ಹಿಂಡು. ಆ ಸೀಮೆಯ ಕುರಿಗಳೆಲ್ಲ ಕಪ್ಪು.

"ಅಣ್ಣಾ, ಮಾಳವ್ವನ ಹಟ್ಟಿಗೆ ಯಾವ ದಾರಿ?" ಎಂದು ಅವಳು ಕೇಳಿದಳು.

"ಯಾವ ಊರಾಗ ಐತಿ ಅದು?"

"ಅದನ್ನೇ ನಾನು ನಿನ್ನನ್ನು ಕೇಳುತ್ತಿರುವುದು."

"ಕುರಿ ಹಟ್ಟಿಗಿ ಊರು ಎಲ್ಲೀದು ಅಕ್ಕಾ? ಹುಲ್ಲು ಎಲ್ಲೈತಿ ಅಲ್ಲೇ ಹಟ್ಟಿ. ಇವತ್ತು ಇಲ್ಲಿ, ನಾಳೆ ಹಳ್ಳದ ಆಚೆ. ಆಕಿ ಹತ್ರ ನಿಮಗೇನು ಕೆಲಸ?"

"ಅವಳಿಗೆ ಒಂದು ಮರಿ ಕೊಡುವುದಿದೆ."

ಕುರಿಗಾಹಿ ಜೋರಾಗಿ ನಕ್ಕ. "ಹಿಂಡು ಇಟ್ಟಾಕಿಗೆ ಮರಿ ಒಯ್ದು ಕೊಡೋರನ್ನ ಇವತ್ತೇ ನೋಡಿದೆ. ಸಮುದ್ರಕ್ಕ ಉಪ್ಪು ಒಯ್ದಂಗಾತು. ಆಕಿ ನಮ್ಮ ಅತ್ತಿಗಿ. ಹಟ್ಟಿ ಆ ಗುಡ್ಡದ ಹಿಂದ ಐತಿ. ಬಿಸಿಲು ಇಳಿದ ಮ್ಯಾಲ ನಾನೂ ಹಿಂಡು ಹೊಡಕೊಂಡು ಅಲ್ಲಿಗೇ ಹೋಗಾಂವ. ಕೂಡ್ರಿ."

ಅವಳು ಕೂತಳು. ಕೂರುವುದು ಅವಳಿಗೆ ರೂಢಿಯಿಲ್ಲದ ಕೆಲಸ.

ಅವಳು ವ್ಯಾಪಾರದವಳು. ಇಗರ್ಜಿಯ ಹಬ್ಬಗಳಿಗೆ ಹೋಗಿ ಜಪಸರ, ಪದಕ, ಮೇಣದ ಬತ್ತಿ, ಸಂತರ ಪಟ ಮಾರುತ್ತಿದ್ದಳು. ಗೋವೆ, ಮುಂಬಯಿ, ವೇಲಾಂಕಣಿ ಅವಳಿಗೆ ಪಕ್ಕದ ಬೀದಿ. ಒಮ್ಮೆ ಹಡಗು ಹತ್ತಿ ರೋಮಿಗೂ ಜೆರುಸಲೇಮಿಗೂ ಹೋಗಿ ಬಂದಿದ್ದಳು. ಹೇಗಿತ್ತು ಎಂದು ಯಾರಾದರೂ ಕೇಳಿದರೆ, "ಅಲ್ಲೂ ಚೌಕಾಸಿ ಮಾಡುತ್ತಾರೆ" ಎಂದಷ್ಟೇ ಹೇಳುತ್ತಿದ್ದಳು. ಗಂಡ ಹಡಗಿನಲ್ಲಿ ಅಡುಗೆಯವನು. ವರ್ಷಕ್ಕೊಮ್ಮೆ ಮನೆಗೆ ಬಂದು ಹೆಂಡತಿಯನ್ನು ನೋಡುತ್ತಿದ್ದ, ಅವಳು ಮನೆಯಲ್ಲಿದ್ದರೆ.

ಕುರಿಮರಿಯ ವಿಷಯದಲ್ಲಿ ಅವಳಿಗೆ ತಿಳಿಯದ್ದಿರಲಿಲ್ಲ. ಗುಮ್ಮಟದ ಒಳಮೈಯಲ್ಲಿ ಬಂಗಾರದ ಹರಳು ಕೂರಿಸಿ ಮಾಡಿದ ಮರಿಯನ್ನು ಕತ್ತು ನೋಯುವವರೆಗೆ ನೋಡಿದ್ದಳು. ಮುದ್ರೆ ಹಾಕಿದ ಪುಸ್ತಕದ ಮೇಲೆ ಮಲಗಿದ ಮರಿಯನ್ನು ನೋಡಿದ್ದಳು. ಎದೆಯಿಂದ ಪಾನಪಾತ್ರೆಗೆ ನೆತ್ತರು ಹರಿಸುತ್ತ ಏನೂ ಆಗದವರ ಹಾಗೆ ನಿಂತ ಮರಿಯನ್ನೂ ನೋಡಿದ್ದಳು. ಗಾರೆಯ ಮರಿ ಮಾರಿದ್ದಳು, ಬೆಳ್ಳಿಯ ಮರಿ, ಮೇಣದ ಬಿಲ್ಲೆಯಲ್ಲಿ ಒತ್ತಿದ ಮರಿ, ಈಸ್ಟರ್ ಬಂದರೆ ಸಕ್ಕರೆ ಅಚ್ಚಿನ ಮರಿ. ಎಲ್ಲವೂ ಬಿಳಿ. ಜೀವ ಇರುವ ಮರಿಯೊಂದನ್ನು ಮಾತ್ರ ಅವಳು ಅದುವರೆಗೆ ಕೈಯಲ್ಲಿ ಹಿಡಿದಿರಲಿಲ್ಲ.

ಹಿಡಿಯಬೇಕಾಗಿ ಬಂದದ್ದು ಒಂದು ಋಣದಿಂದ.

ಹಿಂದಿನ ವರ್ಷ ಅವಳು ಹಸುಗೂಸನ್ನು ಕಟ್ಟಿಕೊಂಡು ಇದೇ ಬಯಲನ್ನು ದಾಟುತ್ತಿದ್ದಳು. ಹೆತ್ತು ತಿಂಗಳಾಗಿತ್ತು. ಮನೆಯಲ್ಲಿರು ಎಂದವರ ಮಾತು ಕೇಳಿರಲಿಲ್ಲ. ದಾರಿಯಲ್ಲಿ ಜ್ವರ ಹಿಡಿಯಿತು. ಎದೆಹಾಲು ಬತ್ತಿತು. ಮಗು ಅತ್ತು ಅತ್ತು, ಕೊನೆಗೆ ಅಳುವುದನ್ನೂ ಬಿಟ್ಟಿತು. ಕುರಿ ಹಟ್ಟಿಯವರು ಅವಳನ್ನು ಎತ್ತಿಕೊಂಡು ಹೋಗಿ ಕಂಬಳಿಯ ಮೇಲೆ ಮಲಗಿಸಿದರು.

ಹಟ್ಟಿಯಲ್ಲಿ ಮಾಳವ್ವ ಇದ್ದಳು. ಅವಳ ಕೂಸು ತೀರಿಕೊಂಡು ಇನ್ನೂ ವಾರವಾಗಿರಲಿಲ್ಲ. ಹಾಲು ಕಟ್ಟಿ ಎದೆ ನೋಯುತ್ತಿತ್ತು. ಯಾರೋ ಈ ಮಗುವನ್ನು ತಂದು ಅವಳ ಮಡಿಲಿಗೆ ಹಾಕಿದರು. ಮಾಳವ್ವ ಮೊಲೆ ಕೊಟ್ಟಳು. ಹಾಲು ಇಳಿಯಲಿಲ್ಲ. ಮಗು ಚೀಪಿ ಚೀಪಿ ಸೋತಿತು. ಇನ್ನೊಂದು ಮಗ್ಗುಲಿಗೆ ಹಾಕಿದಳು. ಅಲ್ಲೂ ಇಳಿಯಲಿಲ್ಲ. ಎದೆಯಲ್ಲಿ ಹಾಲಿತ್ತು, ಆದರೆ ಅದು ಬೇರೆ ಮಗುವಿನ ಹಾಲು.

ಮಾಳವ್ವ ಎದ್ದು ಒಳಗೆ ಹೋದಳು. ಒಂದು ಕುಲಾವಿ ತಂದಳು. ಹಳೆಯ ಬಟ್ಟೆಯಿಂದ ಹೊಲಿದದ್ದು. ಹೊಗೆಯ ವಾಸನೆ, ಉಣ್ಣೆಯ ವಾಸನೆ. ಅದನ್ನು ಮಗುವಿನ ತಲೆಗೆ ಹಾಕಿ ಗದ್ದದ ಕೆಳಗೆ ಲಾಡಿ ಕಟ್ಟಿದಳು. ಬಗ್ಗಿ ಆ ತಲೆಯನ್ನು ಮೂಸಿದಳು. ಕಣ್ಣು ಮುಚ್ಚಿ ಬಹಳ ಹೊತ್ತು ಹಾಗೇ ಕೂತಳು. ಆಮೇಲೆ ಹಾಲು ಇಳಿಯಿತು.

ಜ್ವರದಲ್ಲಿ ಮಲಗಿದ್ದ ಹೆಂಗಸು ಇದನ್ನು ನೋಡಿದಳು. ತನ್ನ ಬುಟ್ಟಿಯಲ್ಲಿ ಜರಿಯಂಚಿನ ಹೊಸ ಕುಲಾವಿ ಇದೆಯಲ್ಲ, ಈ ಕೊಳಕು ಬಟ್ಟೆ ಯಾಕೆ ಎಂದುಕೊಂಡಳು. ಹೇಳಲು ಶಕ್ತಿ ಇರಲಿಲ್ಲ. ಅದು ಒಳ್ಳೆಯದೇ ಆಯಿತು.

ಗುಣವಾಗಿ ಹೊರಡುವಾಗ ಅವಳು ಬುಟ್ಟಿ ಬಿಚ್ಚಿ, "ಏನು ಬೇಕೋ ತಗೊ ಮಾಳವ್ವ" ಎಂದಳು.

"ನಿನ್ನ ಸಾಮಾನು ತಗೊಂಡು ನಾ ಏನ್ ಮಾಡ್ಲಿ?" ಎಂದಳು ಮಾಳವ್ವ. "ಕೂಸು ತನ್ನ ಕಾಲ ಮ್ಯಾಲ ತಾ ನಿಂತ ಮ್ಯಾಲ ನನಗೊಂದು ಮರಿ ತಂದುಕೊಡು. ನೀನೇ ತರಬೇಕು. ಯಾರ ಕೈಯಾಗೂ ಕಳಿಸಬಾರದು."

ಹೆಂಗಸು ಮಾತು ಕೊಟ್ಟಳು. ಕುಲಾವಿ ಮಗುವಿನ ತಲೆಯಲ್ಲೇ ಉಳಿದು ಅವಳ ಜೊತೆ ಬಂದಿತು. ಊರಿಗೆ ಹೋದ ಮೇಲೆ ಅದನ್ನು ಬಿಚ್ಚಿ ಚೀಲದ ತಳಕ್ಕೆ ಹಾಕಿದಳು.

ವರ್ಷವಾಗುವುದರೊಳಗೆ ಮಗು ನಿಂತಿತು. ಅವಳ ತಾಯಿ ಹೇಳಿದಳು: "ಹಾಲಿನ ಋಣ ಇಟ್ಟುಕೊಂಡು ಮಗು ಬೆಳೆಸಬೇಡ. ಅದು ಮಗುವಿನ ತಲೆಗೇ ಬರುತ್ತದೆ." ಹೆಂಗಸು ಇಂಥ ಮಾತಿಗೆ ನಗುವವಳು. ಆ ದಿನವೂ ನಕ್ಕಳು. ಮರುದಿನ ಬೆಳಗ್ಗೆ ಎದ್ದು ಕುರಿಸಂತೆಗೆ ಹೋದಳು.

ಸಂತೆಯಲ್ಲಿ ಮರಿಗಳು ರಾಶಿ ಇದ್ದವು. ಬಲಿತವು, ಮೇಯುವವು, ಗುದ್ದಾಡುವವು. ಅವಳಿಗೆ ಯಾವುದೂ ಕುರಿಮರಿಯ ಹಾಗೆ ಕಾಣಲಿಲ್ಲ. ಮೂಲೆಯಲ್ಲಿ ಒಂದು ಮರಿ ಇತ್ತು. ಸಣ್ಣದು, ಹಾಲಿನಷ್ಟು ಬಿಳುಪು, ತೆಳ್ಳನೆಯ ಕಾಲು. ಅವಳ ಗಾರೆಯ ಮರಿಗೆ ಜೀವ ಬಂದ ಹಾಗಿತ್ತು. ಅದನ್ನೇ ಕೊಂಡಳು. ಅದು ಹುಟ್ಟಿ ಒಂದು ದಿನವಾಗಿತ್ತು. ಅದರ ತಾಯಿಯನ್ನು ಆ ಬೆಳಗ್ಗೆಯೇ ಕಟುಕರು ಒಯ್ದಿದ್ದರು. ಮಾರಿದವನು ಇದನ್ನು ಹೇಳಲಿಲ್ಲ. ಅವಳು ಕೇಳಲಿಲ್ಲ. ಚಿತ್ರದಲ್ಲಿ ಮರಿಯ ಪಕ್ಕ ತಾಯಿ ಇರುವುದನ್ನು ಅವಳು ಎಲ್ಲೂ ನೋಡಿರಲಿಲ್ಲ.

ಈಗ ಜಾಲಿ ಮರದ ಕೆಳಗೆ ಅವಳು ಚೀಲ ಬಿಚ್ಚಿದಳು. ಮರಿ ತಲೆ ಎತ್ತಲಿಲ್ಲ.

ಕುರಿಗಾಹಿ ಅದರ ಬಾಯೊಳಗೆ ಬೆರಳು ಇಟ್ಟು ನೋಡಿದ. ಅವನ ನಗು ನಿಂತಿತು.

"ಬಾಯಿ ತಣ್ಣಗಾಗೈತಿ. ಏನು ಕುಡಿಸೀರಿ?"

"ಹಸುವಿನ ಹಾಲು. ಬಟ್ಟೆ ಅದ್ದಿ ಹಿಂಡಿದೆ. ನುಂಗಲಿಲ್ಲ."

"ಇದು ಗುಡ್ಡ ದಾಟೂದಿಲ್ಲ ಅಕ್ಕಾ."

ಹೆಂಗಸು ವ್ಯಾಪಾರದವಳು, ನಷ್ಟವನ್ನು ಬೇಗ ಒಪ್ಪಿಕೊಳ್ಳುವ ರೂಢಿ. "ಹೋಗಲಿ ಬಿಡು. ಇದು ಸತ್ತರೆ ಮಾಳವ್ವನಿಗೆ ಇನ್ನೊಂದು ತರುತ್ತೇನೆ" ಎಂದಳು.

"ನೀವು ಇನ್ನೊಂದು ತರತೀರಿ" ಎಂದ ಅವನು. "ಇದು ಸಾಯತೈತಿ."

ಅವಳ ಸೊಂಟದ ಮೇಲಿದ್ದ ಮಗು ಕೈ ಚಾಚಿ ಮರಿಯ ಕಿವಿ ಹಿಡಿಯಿತು. ಹೋದ ವರ್ಷ ಈ ಬಯಲಿನಲ್ಲಿ ಇದರ ಬಾಯಿಯೂ ತಣ್ಣಗಾಗಿತ್ತು ಎಂಬುದು ಅವಳಿಗೆ ಆಗ ನೆನಪಾಯಿತು. ಇನ್ನೊಂದು ಹೆತ್ತರಾಯಿತು ಎಂದು ಅಲ್ಲಿ ಯಾರೂ ಹೇಳಿರಲಿಲ್ಲ.

"ಏನಾದರೂ ಮಾಡು ಅಣ್ಣಾ" ಎಂದಳು. "ಇದೇ ಮರಿ ಬದುಕಬೇಕು."

ಕುರಿಗಾಹಿ ಎದ್ದ. ಹಿಂಡಿನ ಅಂಚಿನಲ್ಲಿ ಒಂದು ಕಪ್ಪು ಕುರಿ ಒಂಟಿಯಾಗಿ ನಿಂತು ಕೂಗುತ್ತಿತ್ತು. ಅದರ ಕೆಚ್ಚಲು ಬಿಗಿದು ಹೊಳೆಯುತ್ತಿತ್ತು. ಬೆಳಗಿನ ಜಾವ ತೋಳ ಬಂದು ಅದರ ಮರಿಯ ಕುತ್ತಿಗೆಗೆ ಬಾಯಿ ಹಾಕಿತ್ತು. ನಾಯಿಗಳು ಅಟ್ಟಿದಾಗ ಮರಿಯನ್ನು ಬಿಟ್ಟು ಓಡಿತ್ತು. ಬಿಟ್ಟಾಗ ಅದರಲ್ಲಿ ಜೀವ ಇರಲಿಲ್ಲ.

ಅವನು ಬಿಳಿ ಮರಿಯನ್ನು ಒಯ್ದು ಕುರಿಯ ಕೆಚ್ಚಲಿಗೆ ಹಿಡಿದ. ಕುರಿ ತಿರುಗಿ ಮೂಸಿತು. ಹಣೆಯಿಂದ ಗುದ್ದಿತು. ಮರಿ ಮಗುಚಿ ಬಿತ್ತು. ಇನ್ನೊಮ್ಮೆ ಹಿಡಿದ. ಕುರಿ ಇನ್ನೂ ಜೋರಾಗಿ ಗುದ್ದಿತು.

"ಕುರಿಯನ್ನು ಗಟ್ಟಿಯಾಗಿ ಹಿಡಿದುಕೊಂಡು ಕುಡಿಸಬಹುದಲ್ಲ?" ಎಂದಳು ಹೆಂಗಸು.

"ಹಿಡಕೊಂಡು ಒಂದು ಹೊತ್ತು ಕುಡಿಸಬಹುದು. ತಾಯಿ ಆಗು ಅಂತ ಹಿಡಕೊಂಡು ಹೇಳಾಕ ಆಗೂದಿಲ್ಲ."

ಜಾಲಿ ಮರದ ಕೊಂಬೆಯಲ್ಲಿ ಒಂದು ಗೋಣಿ ತೂಗುತ್ತಿತ್ತು. ನಾಯಿಗಳಿಗೆ ಎಟುಕದ ಹಾಗೆ ಕಟ್ಟಿದ್ದ. ಅದನ್ನು ಇಳಿಸಿ ಬಿಚ್ಚಿದ. ಒಳಗೆ ಸತ್ತ ಮರಿ ಇತ್ತು. ಸೊಂಟದಿಂದ ಸಣ್ಣ ಚೂರಿ ತೆಗೆದ.

ಇಲ್ಲಿ ಶಿಷ್ಯೆ ತಡೆಯಲಾರದೆ ಕೇಳಿದಳು: "ಚೂರಿ ಯಾಕೆ?"

"ಅವಳೂ ಅದನ್ನೇ ಕೇಳಿದಳು" ಎಂದರು ಗುರುತಾಯಿ. "ಅವನು ಉತ್ತರ ಕೊಡಲಿಲ್ಲ. ಕೆಲಸದಲ್ಲಿದ್ದ."

ಅವನು ಸತ್ತ ಮರಿಯ ಚರ್ಮ ಬಿಡಿಸಿದ. ಮಲಗಿದ ಮಗುವಿನ ಅಂಗಿ ತೆಗೆಯುವ ಹಾಗೆ, ಎಲ್ಲೂ ಹರಿಯದೆ, ಇಡಿಯಾಗಿ ತೆಗೆದ. ನಾಲ್ಕು ಕಾಲಿನ ಜಾಗದಲ್ಲಿ ನಾಲ್ಕು ತೂತು. ಬಾಲವನ್ನು ಹಾಗೇ ಬಿಟ್ಟ. ಹೆಂಗಸು ಮುಖ ತಿರುಗಿಸಿದಳು. ಮತ್ತೆ ತಿರುಗಿ ನೋಡಿದಾಗ ಅವನು ಆ ಚರ್ಮವನ್ನು ಬಿಳಿ ಮರಿಗೆ ತೊಡಿಸುತ್ತಿದ್ದ. ಒಂದೊಂದೇ ಕಾಲನ್ನು ಒಂದೊಂದೇ ತೂತಿನಲ್ಲಿ ತೂರಿಸಿದ. ಹೊಟ್ಟೆಯ ಕೆಳಗೆ ಉಣ್ಣೆಯ ದಾರದಿಂದ ಕಟ್ಟಿದ.

"ಇದೆಂಥ ಮೋಸ ಅಣ್ಣಾ?" ಎಂದಳು ಹೆಂಗಸು.

"ಮೋಸ ಯಾರಿಗಿ? ನೋಡ್ರಿ ಸುಮ್ಮನ."

ಅವನು ಮರಿಯನ್ನು ಕುರಿಯ ಹತ್ತಿರ ಇಟ್ಟು ಹಿಂದೆ ಸರಿದ.

ಕುರಿ ಮೊದಲು ತಲೆ ತಗ್ಗಿಸಿ ಗುದ್ದಲು ಬಂದಿತು. ನಿಂತಿತು. ಕುರಿ ಮರಿಯ ಮುಖ ನೋಡಿ ಒಪ್ಪುವುದಿಲ್ಲ. ಬಾಲದ ಬುಡ ಮೂಸಿ ಒಪ್ಪುತ್ತದೆ. ಅದು ಮೂಸಿತು. ಬೆನ್ನು ಮೂಸಿತು. ಕುತ್ತಿಗೆಗೆ ಬಂದು ನಿಂತಿತು. ಅಲ್ಲಿ ತೋಳದ ಹಲ್ಲು ಇಳಿದ ಜಾಗ ಹರಿದಿತ್ತು. ಕುರಿ ಆ ಗಾಯವನ್ನು ನೆಕ್ಕಿತು. ಆಮೇಲೆ ಗಂಟಲಿನಲ್ಲೇ ಒಂದು ಸಣ್ಣ ದನಿ ಹೊರಡಿಸಿತು. ಬೆಳಗಿನಿಂದ ಕೂಗುತ್ತಿದ್ದ ದನಿಯಲ್ಲ. ಕುರಿಗಳು ತಮ್ಮ ಮರಿಯ ಹತ್ತಿರ ಮಾತ್ರ ಆಡುವ ದನಿ.

ಮರಿ ತಲೆ ಎತ್ತಿತು. ಮುಂಗಾಲು ಊರಿತು. ಜಾರಿತು. ಮತ್ತೆ ಊರಿತು. ನಡುಗುತ್ತ ನಡುಗುತ್ತ ನಾಲ್ಕೂ ಕಾಲ ಮೇಲೆ ನಿಂತಿತು.

ಹೆಂಗಸು ನೋಡಿದಳು. ಬೆಳಗ್ಗೆ ಕೊಲೆಯಾದ ಮರಿ ಅವಳ ಎದುರಿಗೆ ನಿಂತಿತ್ತು. ಅದರ ಬೆನ್ನು ಅದೇ, ಬಾಲ ಅದೇ, ಕುತ್ತಿಗೆಯ ಗಾಯ ಅದೇ. ಆ ಗಾಯದ ಬಿರುಕಿನಿಂದ ಒಳಗಿನ ಬಿಳುಪು ಕಾಣುತ್ತಿತ್ತು. ಸತ್ತದ್ದು ನಿಂತಿತ್ತು, ಸಾಯಬೇಕಾದದ್ದು ಅದರೊಳಗೆ ಹಾಲು ಕುಡಿಯುತ್ತಿತ್ತು. ಯಾವುದು ಯಾವುದನ್ನು ಹೊತ್ತಿದೆ ಎಂದು ಅವಳಿಗೆ ಹೇಳಲು ಬರಲಿಲ್ಲ.

ಮರಿಯ ಗಂಟಲಿನಲ್ಲಿ ಹಾಲು ಇಳಿಯುವ ಸದ್ದು ಕೇಳಿಸುತ್ತಿತ್ತು. ಇಡೀ ಬಯಲಿನಲ್ಲಿ ಅದೊಂದೇ ಸದ್ದು.

ಅವಳು ಎಷ್ಟೋ ಇಗರ್ಜಿಗಳ ಮುಂದೆ ಅಂಗಡಿ ಹರಡಿದವಳು. ಒಳಗೆ ಗಂಟೆ ಬಾರಿಸಿ ಜನ ಮೊಣಕಾಲೂರುವಾಗ ಚಿಲ್ಲರೆ ಹುಡುಕುತ್ತಿದ್ದವಳು. ಆ ದಿನ ಜಾಲಿ ಮರದ ಕೆಳಗೆ, ಕುರಿಹಿಕ್ಕೆಯ ಮೇಲೆ, ಯಾರೂ ಹೇಳದೆ ಮೊಣಕಾಲೂರಿದಳು. ಶಿಲುಬೆಯ ಗುರುತು ಹಾಕಲು ಕೈ ಎತ್ತಿದಳು. ಕೈ ಹಣೆಯ ಹತ್ತಿರವೇ ನಿಂತಿತು. ಅವಳಿಗೆ ಕುಲಾವಿ ನೆನಪಾಗಿತ್ತು.

"ಈಗ ಬಾಯಿ ಬೆಚ್ಚಗಾಗಿರತೈತಿ" ಎಂದ ಕುರಿಗಾಹಿ ಚೂರಿ ಒರೆಸುತ್ತ. "ಎರಡು ದಿನ ಆ ಚರ್ಮ ಇರಲಿ. ಕುರಿ ಹಾಲು ಮರಿ ಮೈಯಾಗ ಹೋಗಿ ಮರಿ ವಾಸನೀನೂ ಕುರೀದೇ ಆಗತೈತಿ. ಆಮ್ಯಾಲ ಬಿಚ್ಚಿದ್ರೂ ನಡೀತೈತಿ. ಏಳ್ರಿ ಅಕ್ಕಾ, ಕುರಿಗಿ ಯಾರೂ ಅಡ್ಡಬೀಳೂದಿಲ್ಲ."

"ನಾವು ಬೀಳುತ್ತೇವೆ" ಎಂದಳು ಅವಳು. ಕಣ್ಣು ಒರೆಸಿಕೊಂಡಳು. "ಇಷ್ಟು ದಿನ ಯಾಕೆ ಅಂತ ಗೊತ್ತಿರಲಿಲ್ಲ, ಅಷ್ಟೆ."

ಬಿಸಿಲು ಇಳಿದ ಮೇಲೆ ಅವರು ಹೊರಟರು. ಹಿಂಡು ಮುಂದೆ. ಹಿಂದೆ ಕಪ್ಪು ಕುರಿ, ಅದರ ಪಕ್ಕದಲ್ಲಿ ಮರಿ. ಅವುಗಳ ಹಿಂದೆ ಹೆಂಗಸು. ಯಾವಾಗಲೂ ಎಲ್ಲರಿಗಿಂತ ಮುಂದೆ ನಡೆಯುವವಳು ಆ ದಿನ ಕುರಿಮರಿಯ ಹೆಜ್ಜೆಗೆ ಹೆಜ್ಜೆ ಹಾಕಿದಳು. ಅದು ನಿಂತಾಗ ನಿಂತಳು. ಗುಡ್ಡ ಸುತ್ತಿ ಬಳಸಿದಾಗ ಹಟ್ಟಿ ಕಾಣಿಸಿತು.

ಮಾಳವ್ವ ಗುಡಾರದ ಮುಂದೆ ಕೂತು ಉಣ್ಣೆ ಹಿಂಜುತ್ತಿದ್ದಳು. ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದಳು.

"ಬಂದಿ ಏನವಾ, ಊರೂರು ತಿರುಗಾಕಿ?"

"ಬಂದೆ ಮಾಳವ್ವ. ನಿನಗೆ ಮರಿ ತಂದಿದ್ದೇನೆ."

ಮಾಳವ್ವ ಮರಿಯನ್ನು ನೋಡಿದಳು. ಕಪ್ಪು ಮೈ, ಬಿಳಿ ಕಾಲು. ಪಕ್ಕದ ಕುರಿಯನ್ನು ನೋಡಿದಳು. ಮೈದುನನ ಮುಖ ನೋಡಿದಳು. ಅವಳಿಗೆ ಯಾರೂ ಏನೂ ಹೇಳಬೇಕಾಗಲಿಲ್ಲ.

"ತೋಳ ಬಂದಿತ್ತೇನು?"

"ಹೂಂ ಅತ್ತಿಗಿ."

"ಕುರಿ ನಂದು. ಮ್ಯಾಲಿನ ಚರ್ಮ ನನ್ನ ಮರೀದು. ಹಾಲೂ ನಂದೇ" ಎಂದಳು ಮಾಳವ್ವ ಹೆಂಗಸಿಗೆ. "ಇದರಾಗ ನೀ ತಂದದ್ದು ಏನೈತಿ?"

ಹೆಂಗಸು ಬಗ್ಗಿ ಗಾಯದ ಬಿರುಕನ್ನು ಬೆರಳಿನಿಂದ ಸರಿಸಿ ಬಿಳುಪು ತೋರಿಸಿದಳು.

"ಒಳಗಿನದು" ಎಂದಳು. "ಅದೂ ಸಾಯುತ್ತಿತ್ತು."

ಮಾಳವ್ವ ನಕ್ಕಳು. "ಸಾಕು ಬಿಡು. ಅಷ್ಟು ತಂದ್ರ ಸಾಕು."

ಹೆಂಗಸು ಅವಳ ಪಕ್ಕದಲ್ಲಿ ಕೂತಳು. ಗುಡ್ಡದ ಆಚೆಯಿಂದ ಹೊತ್ತು ತಂದ ಒಂದು ಪ್ರಶ್ನೆ ಅವಳ ಬಾಯಲ್ಲಿತ್ತು. ಕೇಳಬಾರದು ಎಂದುಕೊಂಡಿದ್ದಳು. ಕೇಳಿದಳು.

"ಮಾಳವ್ವ, ಅದು ತನ್ನ ಮರಿಯಲ್ಲ ಅಂತ ಕುರಿಗೆ ಗೊತ್ತಾಗುವುದಿಲ್ಲವೇ?"

ಮಾಳವ್ವ ಉಣ್ಣೆ ಹಿಂಜುವುದನ್ನು ನಿಲ್ಲಿಸಿದಳು.

"ಗೊತ್ತಾಗೂದಿಲ್ಲ ಅಂತ ಗಂಡಸರು ಅಂತಾರ. ಗೊತ್ತಾಗತೈತಿ. ಮೊದಲನೇ ದಿನಾನೇ ಗೊತ್ತಾಗತೈತಿ. ಆದ್ರೂ ಹಾಲು ಇಳೀತೈತಿ."

ಆಮೇಲೆ ಇಬ್ಬರೂ ಮರಿಯನ್ನು ನೋಡುತ್ತ ಕೂತರು.

ಹೆಂಗಸು ಮಗುವನ್ನು ಸೊಂಟದಿಂದ ಇಳಿಸಿದಳು. ಮಗು ಅವಳ ಸೆರಗು ಹಿಡಿದು ನಿಂತಿತು. ಸೆರಗು ಬಿಟ್ಟಿತು. ತೂಗಾಡಿತು. ಬೀಳಲಿಲ್ಲ.

"ನಾ ಮರಿ ಯಾಕ ಕೇಳಿದ್ದೆ ಗೊತ್ತೇನು?" ಎಂದಳು ಮಾಳವ್ವ. ಅವಳ ಕಣ್ಣು ಮಗುವಿನ ಮೇಲಿತ್ತು. "ಕೂಸಿನ್ನ ತೋರಸಾಕ ಬಾ ಅಂದಿದ್ರ ನೀ ಬರತಿದ್ದಿಲ್ಲ. ಇವತ್ತು ಜಾತ್ರಿ, ನಾಳೆ ಹಡಗು ಅಂತಿದ್ದಿ. ವ್ಯಾಪಾರದಾಕಿ ನೀನು. ಕೊಡೂದೈತಿ ಅಂದ್ರ ಬರತಿ ಅಂತ ಗೊತ್ತಿತ್ತು."

ಹೆಂಗಸು ಚೀಲವನ್ನು ಮುಂದಕ್ಕೆ ಎಳೆದುಕೊಂಡಳು. ಜಪಸರಗಳನ್ನು ಸರಿಸಿದಳು, ಪದಕಗಳನ್ನು ಸರಿಸಿದಳು, ಗಾರೆಯ ಮರಿಯನ್ನು ತೆಗೆದು ಪಕ್ಕಕ್ಕಿಟ್ಟಳು. ತಳದಿಂದ ಆ ಹಳೆಯ ಕುಲಾವಿಯನ್ನು ತೆಗೆದಳು. ಅವಳು ಅದನ್ನು ಒಗೆದಿರಲಿಲ್ಲ. ಒಗೆಯದೆ ಉಳಿದದ್ದು ಸೋಮಾರಿತನದಿಂದ; ಆದರೂ ಉಳಿದಿತ್ತು.

ಮಾಳವ್ವ ಅದನ್ನು ಕೇಳಿರಲಿಲ್ಲ. ಅದನ್ನು ನೋಡಿದ ಕೂಡಲೇ ಕೈಯಲ್ಲಿದ್ದ ಉಣ್ಣೆಯನ್ನು ಕೆಳಗಿಟ್ಟಳು.

ಹೆಂಗಸು ಮಗುವಿನ ತಲೆಗೆ ಕುಲಾವಿ ಹಾಕಿದಳು. ತಲೆ ಬೆಳೆದಿತ್ತು, ಎಳೆದು ಎಳೆದು ಹಾಕಬೇಕಾಯಿತು. ಗದ್ದದ ಕೆಳಗೆ ಲಾಡಿ ಕಟ್ಟಿದಳು. ಮಗು ಕೊಸರಿತು. ಅದನ್ನು ಎತ್ತಿ ಮಾಳವ್ವನ ಮಡಿಲಲ್ಲಿ ಕೂರಿಸಿದಳು.

ಮಾಳವ್ವ ಬಗ್ಗಿದಳು. ಆ ತಲೆಯ ಮೇಲೆ ಮೂಗಿಟ್ಟು ಕಣ್ಣು ಮುಚ್ಚಿದಳು. ಮಗು ಕೊಸರುವುದನ್ನು ಬಿಟ್ಟು ಸುಮ್ಮನಾಯಿತು. ಆಚೆ ಕುರಿಯ ಕೆಚ್ಚಲಲ್ಲಿ ಮರಿ ಬಾಲ ಅಲ್ಲಾಡಿಸುತ್ತ ಕುಡಿಯುತ್ತಿತ್ತು. ಬಿಸಿಲು ಪೂರ್ತಿ ಹೋಗುವವರೆಗೆ ಮಾಳವ್ವ ತಲೆ ಎತ್ತಲಿಲ್ಲ.

ಎತ್ತಿದಾಗ ಒಂದೇ ಮಾತು ಹೇಳಿದಳು. "ತೀರಿತು."

ಗುರುತಾಯಿ ಕತೆ ನಿಲ್ಲಿಸಿದರು. ಇಗರ್ಜಿಯೊಳಗೆ ಬಲಿಪೀಠದ ದೀಪವೊಂದೇ ಉರಿಯುತ್ತಿತ್ತು.

ಶಿಷ್ಯೆ ಖಾಲಿ ಗೋಡೆಯನ್ನು ನೋಡಿದಳು. ಅವಳಿಗೆ ಗಾಯ ಕಾಣಿಸುತ್ತಿತ್ತು, ಗಾಯದ ಬಿರುಕಿನ ಬಿಳುಪು ಕಾಣಿಸುತ್ತಿತ್ತು. ಆದರೂ ಮನಸ್ಸು ಒಂದು ಕಡೆ ಒಪ್ಪಲಿಲ್ಲ.

"ಗುರುತಾಯಿ, ನಿಂತದ್ದು ಬೇರೆ ಮರಿ ತಾನೆ? ಸತ್ತದ್ದು ಸತ್ತೇ ಹೋಯಿತಲ್ಲ. ಅದು ನಿಂತಿತು ಎಂದು ಹೇಗೆ ಹೇಳುವುದು?"

ಗುರುತಾಯಿ ಕುರ್ಚಿಯ ಎರಡೂ ಕೈಗಳನ್ನು ಹಿಡಿದರು. ಶಿಷ್ಯೆ ಆಸರೆ ಕೊಡಲು ಓಡಿ ಬಂದಳು; ಬೇಡ ಎಂದು ತಲೆ ಅಲ್ಲಾಡಿಸಿದರು. ನಡುಗುತ್ತ ನಡುಗುತ್ತ ಎದ್ದು ತಮ್ಮ ಕಾಲ ಮೇಲೆ ತಾವು ನಿಂತರು.

"ಹೀಗೆ ನಿಲ್ಲುತ್ತದೆ ಮಗಳೇ, ಆ ಕುಲಾವಿ ನನ್ನ ತಲೆಗೆ ಸ್ವಲ್ಪ ಬಿಗಿಯಾಗಿತ್ತಂತೆ."